ಉಂಗುರದ ಸುತ್ತಿನ ಸಣ್ಣ ವಜ್ರ: ಗೂಡು ಮೊದಲಾ, ಕಲ್ಲು ಮೊದಲಾ?

ನಮ್ಮ ಬದಿಯಡ್ಕ ಕಡೆ ಹತ್ತು ಸೆಂಟ್ಸ್ ಅಂದರೆ ಮನೆ ಕಟ್ಟುವ ಜಾಗ. ಕಾಸರಗೋಡಿನ ಚಿನ್ನದಂಗಡಿಯಲ್ಲಿ ಹತ್ತು ಸೆಂಟ್ಸ್ ಅಂದರೆ ಮೂರು ಮಿಲಿಮೀಟರ್ ಅಗಲದ ಒಂದು ವಜ್ರ. ನೂರು ಸೆಂಟ್ಸ್ ಸೇರಿದರೆ ಅಲ್ಲಿ ಒಂದು ಎಕರೆ, ಇಲ್ಲಿ ಒಂದು ಕ್ಯಾರೆಟ್. ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಒಂದು ಪವನು ಚಿನ್ನ 8 ಗ್ರಾಂ ಅಲ್ವಾ? ಅಷ್ಟೇ ತೂಕದ ವಜ್ರ ಇದ್ದರೆ ಅದು 40 ಕ್ಯಾರೆಟ್, 4000 ಸೆಂಟ್ಸ್. ಚಿನ್ನದ 18 ಕ್ಯಾರೆಟ್, 22 ಕ್ಯಾರೆಟ್ ಬೇರೆಯೇ ಲೆಕ್ಕ. ಅದು ತೂಕ ಅಲ್ಲ, ಶುದ್ಧತೆ. ಒಂದೇ ಬಿಲ್ಲಿನಲ್ಲಿ ಎರಡೂ ಕ್ಯಾರೆಟ್ ಅಕ್ಕಪಕ್ಕ ಕೂತಿರುತ್ತವೆ, ಗಲಿಬಿಲಿ ಆಗದಿದ್ದರೇ ಆಶ್ಚರ್ಯ.

ಹೋದ ವರ್ಷ ತಂಗಿಯ ಮಗಳ ಬದ್ಧಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಉಂಗುರ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಕುಂಕುಮದ ಕರಡಿಗೆಯಿಂದ ಅಜ್ಜಿಯ ಬೆಂಡೋಲೆ ಒಂದನ್ನು ತೆಗೆದು ಕೊಟ್ಟರು. ಒಂದೇ. ಜೋಡಿಯ ಇನ್ನೊಂದು ಯಾವ ಕಾಲದಲ್ಲೋ ಕೆರೆಯಲ್ಲಿ ಮೀಯುವಾಗ ಹೋಗಿತ್ತಂತೆ. ಅದರಲ್ಲಿದ್ದ ಒಂಟಿ ವಜ್ರವನ್ನು ನಡುವೆ ಇಟ್ಟು, ಸುತ್ತ ಸಣ್ಣ ವಜ್ರದ ಒಂದು ಸಾಲು, ಉಂಗುರದ ಎರಡೂ ಭುಜಕ್ಕೆ ಮೂರು ಮೂರು, ಇಷ್ಟು ಹುಡುಗಿಯ ಆಸೆ. ದೊಡ್ಡ ಕಲ್ಲು ಮನೆಯಲ್ಲೇ ಉಂಟು, ಸಣ್ಣದು ತರುವುದೇನು ಮಹಾ ಅಂತ ಹೊರಟೆ. ಆದದ್ದು ತಿರುವುಮುರುವು. ದೊಡ್ಡ ಕಲ್ಲಿನಿಂದ ಒಂದು ದಿನವೂ ತೊಂದರೆ ಆಗಲಿಲ್ಲ. ಮೂರು ತಿಂಗಳು ಓಡಾಡಿಸಿದ್ದು ಎಳ್ಳಿನ ಕಾಳಿಗಿಂತಲೂ ಸಣ್ಣ ಕಲ್ಲುಗಳು.

ಯಾಕೆ ಅಂದರೆ, ದೊಡ್ಡ ವಜ್ರಕ್ಕೆ ಜಾತಕ ಇರುತ್ತದೆ. ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್ ಕಲ್ಲಾದರೆ ಲ್ಯಾಬಿನ ಸರ್ಟಿಫಿಕೇಟ್ ಬರುತ್ತದೆ, ಅದರಲ್ಲಿ ಅಳತೆ, ಬಣ್ಣ, ಒಳಗಿನ ಕಲೆ ಎಲ್ಲ ಬರೆದಿರುತ್ತದೆ. ಒಂದು ಸೆಂಟಿನ ಕಲ್ಲಿಗೆ ಅದನ್ನು ಮಾಡಿಸಲು ಹೋದರೆ ಕಲ್ಲಿಗಿಂತ ಕಾಗದಕ್ಕೇ ಜಾಸ್ತಿ ದುಡ್ಡು. ಹಾಗಾಗಿ ಸಣ್ಣ ವಜ್ರವನ್ನು ಯಾರೂ ಒಂದೊಂದಾಗಿ ಪರೀಕ್ಷೆ ಮಾಡಿ ಮಾರುವುದಿಲ್ಲ. ಅಕ್ಕಿ ಮಾರಿದ ಹಾಗೆ, ಒಂದು ತರಹದ್ದನ್ನೆಲ್ಲ ಸೇರಿಸಿ ಪೊಟ್ಟಣ ಮಾಡಿ ತೂಕದ ಮೇಲೆ ಮಾರುತ್ತಾರೆ. ವ್ಯಾಪಾರದವರು ಈ ಸಣ್ಣ ಕಲ್ಲಿಗೆ ಮೆಲೀ ಅನ್ನುತ್ತಾರೆ. ಸಾಮಾನ್ಯವಾಗಿ 20 ಸೆಂಟ್ಸಿನ ಕೆಳಗಿನದ್ದೆಲ್ಲ ಈ ಗುಂಪಿಗೆ ಬರುತ್ತದೆ. ನಮ್ಮ ಉಂಗುರಕ್ಕೆ ಬೇಕಾದ್ದು ಇದರಲ್ಲಿ ತೀರಾ ಕೆಳಗಿನ ಮೆಟ್ಟಿಲಿನದ್ದು.

ಈ ಪೊಟ್ಟಣಗಳ ಊರು ಸೂರತ್. ಪ್ರಪಂಚದಲ್ಲಿ ಪಾಲಿಷ್ ಆಗುವ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಅಲ್ಲೇ ಆಗುತ್ತವೆ. ಬೆಲೆಯ ಲೆಕ್ಕದಲ್ಲಿ ಅಲ್ಲ, ಎಣಿಕೆಯ ಲೆಕ್ಕದಲ್ಲಿ. ಬೇರೆ ದೇಶದವರು ಕೂಲಿ ಗಿಟ್ಟುವುದಿಲ್ಲ ಅಂತ ಬಿಟ್ಟ ಸಣ್ಣ ಕಲ್ಲುಗಳನ್ನು ಹಿಡಿದೇ ಸೂರತ್ ಬೆಳೆದದ್ದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಿಂದ ಸಣ್ಣ, ಕಂದು ಛಾಯೆಯ ಕಲ್ಲು ರಾಶಿ ರಾಶಿ ಬರಲು ಶುರುವಾದ ಮೇಲಂತೂ ಕೇಳುವುದೇ ಬೇಡ. ಆ ಗಣಿ 2020ರಲ್ಲಿ ಮುಚ್ಚಿತು, ಕೈಕೆಲಸ ಮಾತ್ರ ಸೂರತ್ತಿನಲ್ಲೇ ಉಳಿಯಿತು. ಪಾಲಿಷ್ ಆದ ಕಲ್ಲು ಜರಡಿಗೆ ಬೀಳುತ್ತದೆ. ನಿಜವಾದ ಜರಡಿಯೇ. ದುಂಡನೆ ತೂತಿನ ತಟ್ಟೆಗಳಿಗೆ ನಂಬರ್ ಇರುತ್ತದೆ. ಎರಡರ ತಟ್ಟೆಯಲ್ಲಿ ಉಳಿದು ಆರೂವರೆ ತಟ್ಟೆಯಲ್ಲಿ ಇಳಿದದ್ದು ಒಂದು ಗುಂಪು, ಆರೂವರೆಯಲ್ಲಿ ಉಳಿದು ಹನ್ನೊಂದರಲ್ಲಿ ಇಳಿದದ್ದು ಇನ್ನೊಂದು. ಆಮೇಲೆ ಬಣ್ಣ ನೋಡಿ, ಕಲೆ ನೋಡಿ ವಿಂಗಡಣೆ. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ತ್ರಿಶೂರು, ಮಂಗಳೂರಿನ ಕಡೆಯ ಒಡವೆ ಮಾಡುವವರು, ಕೊನೆಗೆ ನಮ್ಮ ಊರಿನ ಅಂಗಡಿ. ಪ್ರತಿ ಕೈಯಲ್ಲೂ ಪೊಟ್ಟಣ ಬಿಚ್ಚುತ್ತದೆ, ಬೇರೆ ಪೊಟ್ಟಣದ ಜೊತೆ ಸೇರುತ್ತದೆ. ಒಂದು ಸೆಂಟಿನ ಕಲ್ಲು ಯಾವ ಗಣಿಯದ್ದು ಅಂತ ಕಾಸರಗೋಡಿನಲ್ಲಿ ನಿಂತು ಕೇಳಿದರೆ ಉತ್ತರ ಬರುವುದಿಲ್ಲ. ರಷ್ಯಾದ ವಜ್ರಕ್ಕೆ ಜಿ7 ದೇಶಗಳು 2024ರಲ್ಲಿ ನಿರ್ಬಂಧ ಹಾಕಿದಾಗಲೂ ಬೇರೆ ದೇಶದಲ್ಲಿ ಪಾಲಿಷ್ ಆಗಿ ಬರುವ ಕಲ್ಲಿನ ಮಟ್ಟಿಗೆ ಅರ್ಧ ಕ್ಯಾರೆಟ್ಟಿಗೆ ಗೆರೆ ಎಳೆದು ನಿಂತರು. ಅದಕ್ಕಿಂತ ಸಣ್ಣದರ ಹಿಂದೆ ಹೋಗಲಿಲ್ಲ.

ಹಾಗಾದರೆ ಕೊಳ್ಳುವವರ ಕೈಯಲ್ಲಿ ಏನುಂಟು? ಅಳತೆ ಉಂಟು. ಅದೇ ಮೊದಲು.

ಅಂಗಡಿಯಲ್ಲಿ ಎಲ್ಲರೂ ಸೆಂಟ್ಸ್ ಮಾತಾಡುತ್ತಾರೆ. ಉಂಗುರಕ್ಕೆ ಬೇಕಾದ್ದು ಮಿಲಿಮೀಟರ್. ಚಿನ್ನದಲ್ಲಿ ಕಲ್ಲು ಕೂರಲು ಒಂದು ಗೂಡು ಕೊರೆದಿರುತ್ತದೆ, ಆ ಗೂಡಿಗೆ ತೂಕ ಗೊತ್ತಿಲ್ಲ, ಅಗಲ ಮಾತ್ರ ಗೊತ್ತು. ದುಂಡು ವಜ್ರ 1.3 ಮಿಲಿಮೀಟರ್ ಇದ್ದರೆ ಹೆಚ್ಚುಕಡಿಮೆ ಒಂದು ಸೆಂಟ್. 1.5 ಇದ್ದರೆ ಒಂದೂವರೆ ಸೆಂಟ್‌ವರೆಗೆ. 2 ಮಿಲಿಮೀಟರಿಗೆ ಮೂರು ಸೆಂಟ್. 3 ಮಿಲಿಮೀಟರಿಗೆ ಹತ್ತು, ಹನ್ನೊಂದು. ಅಗಲ ಸ್ವಲ್ಪ ಏರಿದರೆ ಸಾಕು, ತೂಕ ಹಾರುತ್ತದೆ, ಯಾಕೆಂದರೆ ಕಲ್ಲು ಅಗಲದ ಜೊತೆ ಆಳದಲ್ಲೂ ಬೆಳೆಯುತ್ತದೆ.

ನಮ್ಮ ಉಂಗುರದ ಲೆಕ್ಕ ಹೇಳುತ್ತೇನೆ. ಅಜ್ಜಿಯ ಕಲ್ಲು 4.5 ಮಿಲಿಮೀಟರ್. ಸುತ್ತ 1.3ರ ಕಲ್ಲು. ನಡುವೆ ಚಿನ್ನಕ್ಕೆ ಕೂದಲಷ್ಟು ಜಾಗ ಬಿಟ್ಟರೆ, ಸಣ್ಣ ಕಲ್ಲುಗಳ ನಡುಬಿಂದು ಹಾದುಹೋಗುವ ವೃತ್ತದ ಅಗಲ ಸುಮಾರು 6.1. ಅದನ್ನು 3.14ರಿಂದ ಗುಣಿಸಿದರೆ ಸುತ್ತಳತೆ 19 ಮಿಲಿಮೀಟರ್ ಚಿಲ್ಲರೆ. ಒಂದೊಂದು ಕಲ್ಲಿಗೆ ಸಂದು ಸೇರಿ 1.4ರ ಹತ್ತಿರ ಹಿಡಿದರೆ ಹದಿನಾಲ್ಕು ಕಲ್ಲು. ಭುಜದ ಆರು ಸೇರಿ ಇಪ್ಪತ್ತು. ಈಗ ಇದೇ ಗೂಡುಗಳಿಗೆ 1.3ರ ಬದಲು 1.2ರ ಕಲ್ಲು ಬಂತು ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ಒಂದು ಹಾಳೆ ಕಾಗದದ ದಪ್ಪ. ಆದರೆ ಸುತ್ತಿನ ಹದಿನಾಲ್ಕು ಕಲ್ಲಿನ ವ್ಯತ್ಯಾಸ ಕೂಡಿಸಿದರೆ ಒಂದು ಇಡೀ ಕಲ್ಲು ಹಿಡಿಸುವಷ್ಟು ಸಂದು! ತೂಕದಲ್ಲೂ ಐದರಲ್ಲೊಂದು ಪಾಲು ಕಡಿಮೆ.

ಇದು ಬಾಯಿಲೆಕ್ಕ ಅಲ್ಲ. ನಮ್ಮ ಚಿಕ್ಕಮ್ಮನಿಗೆ ಹೀಗೇ ಆಗಿತ್ತು. ಊರಿನದೇ ಒಂದು ಅಂಗಡಿಯವರು ಮೊದಲು ಚಿನ್ನ ಎರಕ ಹೊಯ್ದು, ಆಮೇಲೆ ಕೈಗೆ ಸಿಕ್ಕ ಕಲ್ಲು ತಂದು ಕೂರಿಸಿದ್ದರು. ಸಣ್ಣ ಕಲ್ಲನ್ನು ದೊಡ್ಡ ಗೂಡಿನಲ್ಲಿ ನಿಲ್ಲಿಸಲು ಸುತ್ತಲಿನ ಚಿನ್ನವನ್ನು ಒತ್ತಿ ಒತ್ತಿ ತಂದಿದ್ದರು. ತೊಟ್ಟ ಎರಡನೇ ತಿಂಗಳಿಗೆ ದೋಸೆ ಹಿಟ್ಟಿನೊಳಗೆ ಒಂದು ಕಲ್ಲು ಮಾಯ. ಅದು ಹಿಟ್ಟಿನಲ್ಲೇ ಬಿತ್ತು ಅನ್ನುವುದು ಚಿಕ್ಕಮ್ಮನ ನಂಬಿಕೆ, ಆ ದಿನ ದೋಸೆ ತಿಂದವರಿಗೆಲ್ಲ ಸ್ವಲ್ಪ ಗಾಬರಿ.

ಆದ್ದರಿಂದ ಕ್ರಮ ಹೀಗೆ ಇರಬೇಕು. ಮೊದಲು ನಡುವಿನ ಕಲ್ಲನ್ನು ಕ್ಯಾಲಿಪರಿನಲ್ಲಿ ಅಳೆಯುವುದು. ಆಮೇಲೆ ಡಿಸೈನ್. ಈಗ ಕಂಪ್ಯೂಟರಿನಲ್ಲಿ ಕ್ಯಾಡ್ ಮಾಡಿ, ಮೇಣದಲ್ಲಿ ಪ್ರಿಂಟ್ ತೆಗೆದು, ಎರಕ ಹೊಯ್ಯುತ್ತಾರೆ. ಕ್ಯಾಡ್ ಮಾಡುವವರು ಸಣ್ಣ ಕಲ್ಲಿನ ಅಳತೆ, ಎಣಿಕೆ ಎರಡನ್ನೂ ಬರೆದು ಕೊಡುತ್ತಾರೆ. ಆ ಚೀಟಿ ಹಿಡಿದು ಕಲ್ಲು ತರಿಸುವುದು. ಕಲ್ಲು ಕೈಗೆ ಬಂದು, ಅಳೆದು ನೋಡಿ, ಅಗತ್ಯ ಬಿದ್ದರೆ ಕ್ಯಾಡಿನಲ್ಲಿ ಗೂಡನ್ನು ಸ್ವಲ್ಪ ತಿದ್ದಿ, ಕೊನೆಗೆ ಎರಕ. ಬಹಳ ಕಡೆ ಎರಕ ಮೊದಲು, ಕಲ್ಲು ಆಮೇಲೆ. ಕೆಲಸ ಬೇಗ ಮುಗಿಯುತ್ತದೆ ಅನ್ನುವುದೊಂದೇ ಅದರ ಲಾಭ.

ಇನ್ನು ಬಣ್ಣ. ನಾನು ಹೆಚ್ಚು ಕಲಿತದ್ದು ಇಲ್ಲೇ.

ಅಜ್ಜಿಯ ಬೆಂಡೋಲೆ ಹಿಂದಿನಿಂದ ಪೂರ್ತಿ ಮುಚ್ಚಿದ ಕಟ್ಟು. ಹಳೇ ಕಾಲದಲ್ಲಿ ಹಾಗೆಯೇ, ಕಲ್ಲಿನ ಬೆನ್ನಿಗೆ ಹೊಳೆಯುವ ತಗಡು ಕೊಟ್ಟು ಚಿನ್ನದಲ್ಲಿ ಮುಚ್ಚುತ್ತಿದ್ದರು. ಹಾಗಿದ್ದಾಗ ಕಲ್ಲಿನ ನಿಜವಾದ ಬಣ್ಣ ದೇವರಿಗೇ ಗೊತ್ತು. ಆಚಾರಿ ಅದನ್ನು ಬಿಡಿಸಿ, ಸೋಪಿನ ನೀರಲ್ಲಿ ತೊಳೆದು, ಬಿಳಿ ಕಾಗದದ ಮೇಲೆ ಬೋರಲು ಹಾಕಿದರು. ಲೂಪ್ ಅನ್ನುವ ಸಣ್ಣ ಭೂತಗನ್ನಡಿ ನನ್ನ ಕೈಗೆ ಕೊಟ್ಟು, "ನಡುವೆ ಒಂದು ಕಿಟಕಿ ಕಾಣ್ತದಾ?" ಅಂದರು. ಕಂಡಿತು. ಈಗಿನ ವಜ್ರದ ತಳ ಸೂಜಿಮೊನೆ ಇದ್ದ ಹಾಗೆ. ಹಳೇ ಕಟ್ಟಿಂಗಿನಲ್ಲಿ ಆ ಮೊನೆಯನ್ನು ಸ್ವಲ್ಪ ಚಪ್ಪಟೆ ಮಾಡುತ್ತಿದ್ದರು, ಮೇಲಿನಿಂದ ನೋಡಿದರೆ ಅದು ಒಂದು ಸಣ್ಣ ದುಂಡು ತೂತಿನ ಹಾಗೆ ಕಾಣುತ್ತದೆ. ಕಲ್ಲಿನಲ್ಲಿ ಬೆಣ್ಣೆ ಕಾಯಿಸುವಾಗಿನ ತೆಳು ಹಳದಿ. ಒಂಟಿಯಾಗಿ ನೋಡಿದರೆ ಬಹಳ ಚಂದ.

ವಜ್ರದ ಬಣ್ಣಕ್ಕೆ ಇಂಗ್ಲಿಷ್ ಅಕ್ಷರದ ಮೆಟ್ಟಿಲು ಉಂಟು. ಡಿ ಅಂದರೆ ಸ್ವಲ್ಪವೂ ಬಣ್ಣ ಇಲ್ಲದ್ದು, ಝಡ್ ಕಡೆಗೆ ಹೋದ ಹಾಗೆ ಹಳದಿ ಏರುತ್ತದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಕೇಳುವ ಮಂತ್ರ ಒಂದೇ, ಇಎಫ್ ವಿವಿಎಸ್. ಅಂದರೆ ಬಣ್ಣ ಇ ಅಥವಾ ಎಫ್, ಕಲೆ ಅತಿ ಅತಿ ಕಡಿಮೆ. ಒಳ್ಳೆಯ ಕಲ್ಲೇ, ಅನುಮಾನ ಬೇಡ. ಆದರೆ ಅಜ್ಜಿಯ ಕಲ್ಲಿನ ಸುತ್ತ ಇಎಫ್ ಇಟ್ಟು ನೋಡಿದಾಗ ಏನಾಯಿತು ಗೊತ್ತಾ? ಹೊಸ ಪಂಚೆಯ ಪಕ್ಕ ಹಳೇ ಪಂಚೆ ಒಣಗಿಸಿದ ಹಾಗಾಯಿತು. ಅಷ್ಟು ಹೊತ್ತು ಬೆಣ್ಣೆಯಂತಿದ್ದ ಕಲ್ಲು ಒಮ್ಮೆಲೇ ಮಾಸಿದ ಹಾಗೆ ಕಂಡಿತು. ದುಬಾರಿ ಕಲ್ಲು ಹಾಕಿ ಮನೆಯ ಕಲ್ಲನ್ನು ಕೆಡಿಸಿದಂತೆ.

ನಡುವಿನ ಕಲ್ಲಿಗಿಂತ ಒಂದೆರಡು ಮೆಟ್ಟಿಲಿನ ಒಳಗೆ ಸುತ್ತಿನ ಕಲ್ಲು ಇರಬೇಕು. ನಮ್ಮದು ಜೆ ಅಥವಾ ಕೆ ಇರಬಹುದು ಅಂತ ಆಚಾರಿಯ ಅಂದಾಜು, ಅದಕ್ಕೆ ಐ ಜೆ ಬಣ್ಣದ್ದು ಬೇಕು ಅಂತ ಕೇಳಿದೆ. ಕೌಂಟರಿನ ಹುಡುಗನಿಗೆ ನನ್ನ ತಲೆ ಸರಿ ಇದೆಯಾ ಅಂತ ಅನುಮಾನ. ಕಡಿಮೆ ದರ್ಜೆಯದ್ದನ್ನು ಕೇಳಿಕೊಂಡು ಬರುವ ಗಿರಾಕಿ ಅವನಿಗೆ ಮೊದಲು ಅಂತ ಕಾಣುತ್ತದೆ. "ಇಎಫ್ ಇದ್ದರೆ ಒಳ್ಳೆದಲ್ವಾ ಸರ್?" ಅಂತ ಮೂರು ಸಲ ಕೇಳಿದ.

ಬಣ್ಣ ನೋಡುವಾಗ ಜಾಗ್ರತೆ ಬೇಕಾದ್ದು ಪೊಟ್ಟಣದ ಕಾಗದದ ಬಗ್ಗೆ. ವಜ್ರದ ಪೊಟ್ಟಣದ ಒಳಪದರ ಎಷ್ಟೋ ಸಲ ತೆಳು ನೀಲಿ ಇರುತ್ತದೆ. ಬಿಳಿ ಬಟ್ಟೆಗೆ ನೀಲಿ ಹಾಕುವ ಹಾಗೆ, ಅದು ಕಲ್ಲಿನ ಹಳದಿಯನ್ನು ಮುಚ್ಚುತ್ತದೆ. ಅಂಗಡಿಯ ಎಲ್ಇಡಿ ದೀಪವೂ ಅಷ್ಟೇ. ಒಂದು ಬಿಳಿ ಕಾರ್ಡನ್ನು ಮಡಿಸಿ, ಮಡಿಕೆಯಲ್ಲಿ ಕಲ್ಲುಗಳನ್ನು ಬೋರಲಾಗಿ ಸಾಲು ಇಟ್ಟು, ಬಾಗಿಲ ಹತ್ತಿರ ಹಗಲು ಬೆಳಕಿಗೆ ಹಿಡಿಯಿರಿ. ನೇರ ಬಿಸಿಲು ಬೇಡ. ಒಂಟಿ ಸಣ್ಣ ಕಲ್ಲಿನಲ್ಲಿ ಬಣ್ಣ ತಿಳಿಯುವುದೇ ಇಲ್ಲ, ಸಾಲಿನಲ್ಲಿ ಇಟ್ಟರೆ ಬೇರೆ ಜಾತಿಯದ್ದು ಎದ್ದು ಕಾಣುತ್ತದೆ. ನಮ್ಮ ಮೊದಲ ಪೊಟ್ಟಣದಲ್ಲಿ ಎರಡು ಹಾಗೆ ಕಂಡವು, ಬದಲಿಸಿ ಕೊಟ್ಟರು.

ಒಳಗಿನ ಕಲೆಯ ಬಗ್ಗೆ ಜಾಸ್ತಿ ತಲೆ ಕೆಡಿಸಬೇಡಿ. 1.3 ಮಿಲಿಮೀಟರಿನಲ್ಲಿ ವಿವಿಎಸ್ ಯಾವುದು, ಅದರ ಕೆಳಗಿನ ವಿಎಸ್ ಯಾವುದು ಅಂತ ಬರಿಗಣ್ಣಿಗೆ ತಿಳಿಯುವುದಿಲ್ಲ. ವಿಎಸ್ ಸಾಕು, ಇನ್ನೂ ಕೆಳಗಿನ ಎಸ್ಐ ಕೂಡ ನಡೆಯುತ್ತದೆ. ಕಪ್ಪು ಚುಕ್ಕೆ, ಅಂಚಿನಲ್ಲಿ ಬಿರುಕು, ಇವೆರಡು ಇರಬಾರದು. ಅಂಚು ಬಿರುಕಿದ್ದರೆ ಕೂರಿಸುವಾಗ ಒಡೆಯುತ್ತದೆ. ಉಳಿಸಿದ ದುಡ್ಡನ್ನು ಕಟ್ಟಿಂಗಿಗೆ ಹಾಕಿ. ಫುಲ್ ಕಟ್ ಅಂದರೆ 57 ಮುಖ, ತಳದ ಚಪ್ಪಟೆಯನ್ನೂ ಎಣಿಸಿದರೆ 58. ಸಿಂಗಲ್ ಕಟ್ ಅಂದರೆ 17 ಮುಖ. ಸಿಂಗಲ್ ಕಟ್ ಅಗ್ಗ, ಆದರೆ ಅದನ್ನು ಬರೀ ಅಗ್ಗದ ಮಾಲು ಅನ್ನುವುದು ಸರಿಯಲ್ಲ. ತೀರಾ ಸಣ್ಣ ಕಲ್ಲಿನಲ್ಲಿ ಅದು ದೊಡ್ಡ ದೊಡ್ಡ ಮಿಂಚು ಕೊಡುತ್ತದೆ, ಹಳೇ ಕಲ್ಲಿನ ಪಕ್ಕ ಚೆನ್ನಾಗಿಯೇ ಹೊಂದುತ್ತದೆ. ಒಂದೇ ಉಂಗುರದಲ್ಲಿ ಎರಡನ್ನೂ ಬೆರೆಸಿದರೆ ಮಾತ್ರ ಸಾಲು ಹಾಳು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಅಸಲಿಯಾ?

ಅಂಗಡಿಯಲ್ಲಿ ಪೆನ್ನಿನ ಹಾಗಿರುವ ಟೆಸ್ಟರ್ ತಾಗಿಸಿ ಬೀಪ್ ಅನ್ನಿಸಿ ತೋರಿಸುತ್ತಾರೆ. ಅದು ಅಳೆಯುವುದು ಶಾಖ ಎಷ್ಟು ಬೇಗ ಹರಿಯುತ್ತದೆ ಅನ್ನುವುದನ್ನು. ಅಮೆರಿಕನ್ ಡೈಮಂಡ್ ಅಂತ ನಾವು ಕರೆಯುವ ಜಿರ್ಕೋನಿಯಾ ಕಲ್ಲನ್ನು ಅದು ಹಿಡಿಯುತ್ತದೆ. ವಜ್ರದ ಹಾಗೇ ಕಾಣುವ ಇನ್ನೊಂದು ಕಲ್ಲು ಮೊಯಿಸನೈಟ್, ಅದರ ಎದುರು ಶಾಖದ ಟೆಸ್ಟರ್ ಸೋಲುತ್ತದೆ, ಅದಕ್ಕೆ ವಿದ್ಯುತ್ತಿನ ಹರಿವನ್ನೂ ನೋಡುವ ಟೆಸ್ಟರ್ ಬೇಕು. ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಎದುರು ಈ ಪೆನ್ನುಗಳಿಗೆ ಕೆಲಸವೇ ಇಲ್ಲ. ಯಾಕೆಂದರೆ ಅದೂ ವಜ್ರವೇ. ಅದೇ ಇಂಗಾಲ, ಅದೇ ಗಟ್ಟಿತನ, ಅದೇ ಹೊಳಪು.

ವ್ಯತ್ಯಾಸ ಇರುವುದು ಅದು ಬೆಳೆದ ರೀತಿಯಲ್ಲಿ. ಭೂಮಿಯೊಳಗಿನ ವಜ್ರ ಕೋಟಿಗಟ್ಟಲೆ ವರ್ಷ ಬಿಸಿಯಲ್ಲಿ ಬೆಂದಿರುತ್ತದೆ. ಅದರೊಳಗೆ ಸೇರಿಕೊಂಡ ನೈಟ್ರೋಜನ್ ಪರಮಾಣುಗಳಿಗೆ ಒಂದನ್ನೊಂದು ಹುಡುಕಿ ಗುಂಪುಗೂಡಲು ಬೇಕಾದಷ್ಟು ಸಮಯ. ಲ್ಯಾಬಿನ ವಜ್ರ ಕೆಲವು ದಿನ, ಕೆಲವು ವಾರದಲ್ಲಿ ಬೆಳೆಯುತ್ತದೆ. ಗುಂಪುಗೂಡಲು ಪುರುಸೊತ್ತಿಲ್ಲ. ಗುಂಪುಗೂಡಿದ ನೈಟ್ರೋಜನ್ ಇರುವ ಕಲ್ಲು ಒಂದು ಬಗೆಯ ಅತಿನೇರಳೆ ಬೆಳಕನ್ನು ನುಂಗುತ್ತದೆ, ಇಲ್ಲದ್ದು ಆಚೆಗೆ ಬಿಡುತ್ತದೆ. ಸ್ಕ್ರೀನಿಂಗ್ ಮೆಷಿನ್ ಇಂಥ ಗುರುತುಗಳನ್ನೇ ಹಿಡಿಯುವುದು. ಸಣ್ಣ ಕಲ್ಲುಗಳನ್ನೇ ಒಂದೊಂದಾಗಿ ಎತ್ತಿ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವ ಮೆಷಿನ್‌ಗಳೂ ಬಂದಿವೆ. ಪಾಸ್ ಆದರೆ ನೆಲದ್ದು ಅಂತ ಲೆಕ್ಕ. ಪಾಸ್ ಆಗದ್ದೆಲ್ಲ ಲ್ಯಾಬಿನದ್ದು ಅಂತ ಅಲ್ಲ, ಇನ್ನೊಮ್ಮೆ ಸರಿಯಾಗಿ ನೋಡಬೇಕು ಅಂತ ಅರ್ಥ. ನೆಲದ ವಜ್ರಗಳಲ್ಲೂ ನೂರಕ್ಕೆ ಒಂದೆರಡು ನೈಟ್ರೋಜನ್ ಇಲ್ಲದ ಜಾತಿಯವು ಇರುತ್ತವೆ.

ದೊಡ್ಡ ಕಲ್ಲಿನಲ್ಲಿ ಮೋಸ ಮಾಡುವುದು ಕಷ್ಟ, ಸರ್ಟಿಫಿಕೇಟ್ ಉಂಟು. ಸಣ್ಣ ಕಲ್ಲಿನ ಪೊಟ್ಟಣಕ್ಕೆ ನಾಲ್ಕು ಲ್ಯಾಬಿನ ಕಲ್ಲು ಬೆರೆಸಿದರೆ ಯಾರು ನೋಡುತ್ತಾರೆ? ಅದಕ್ಕೇ ಈ ಬೆರಕೆಯ ಸಮಸ್ಯೆ ಹೆಚ್ಚು ಇರುವುದು ಮೆಲೀಯಲ್ಲೇ. ಕೇಳಬೇಕಾದ ಪ್ರಶ್ನೆ "ಅಸಲಿಯಾ" ಅಂತ ಅಲ್ಲ, ಅದಕ್ಕೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ, ಸುಳ್ಳೂ ಅಲ್ಲ. "ಈ ಪೊಟ್ಟಣ ಸ್ಕ್ರೀನ್ ಆಗಿದೆಯಾ, ಎಲ್ಲಿ ಆಯಿತು, ನ್ಯಾಚುರಲ್ ಅಂತ ಬಿಲ್ಲಿನಲ್ಲಿ ಬರೆಯುತ್ತೀರಾ?" ಅಂತ ಕೇಳಿ. ಬರೆಯಲು ಕೈ ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಲ್ಯಾಬಿನ ವಜ್ರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಪ್ರಧಾನಿ ಮೋದಿ ಅಮೆರಿಕದ ಆಗಿನ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟ ಏಳೂವರೆ ಕ್ಯಾರೆಟ್ಟಿನ ವಜ್ರ ಲ್ಯಾಬಿನದ್ದೇ. ಬೆಲೆ ಬಹಳ ಕಡಿಮೆ, ಅಳತೆ ಬಣ್ಣ ಒಂದೇ ಸಮ ಸಿಗುತ್ತದೆ. ಲ್ಯಾಬಿನ ಬೆಲೆಗೆ ಲ್ಯಾಬಿನದ್ದು ಕೊಂಡರೆ ಯಾರಿಗೂ ನಷ್ಟ ಇಲ್ಲ. ದಿನಾ ತೊಡುವ ಉಂಗುರಕ್ಕೆ ನಾನಾದರೆ ಅದನ್ನೇ ಹಾಕಿಸುತ್ತೇನೆ. ಈ ಉಂಗುರಕ್ಕೆ ಮಾತ್ರ ಅಮ್ಮ ಒಪ್ಪಲಿಲ್ಲ. ಅಜ್ಜಿಯ ಕಲ್ಲಿನ ಸುತ್ತ ನೆಲದ್ದೇ ಇರಲಿ ಅಂದರು. ಆಯಿತು ಅಂದೆ. ಒಟ್ಟು ಇಪ್ಪತ್ತು ಸೆಂಟ್ಸ್ ಒಳಗಿನ ಮಾತು, ಅದಕ್ಕೆ ಜಗಳ ಯಾಕೆ?

ತರಿಸುವುದು ಎಲ್ಲಿಂದ? ಅಂಗಡಿಗೇ ಪೂರ್ತಿ ಬಿಡಬಹುದು, ಆಗ ಕಲ್ಲಿನ ಜವಾಬ್ದಾರಿಯೂ ಅವರದ್ದೇ, ಆದರೆ ಐ ಜೆ ಅಂತ ಹಟ ಹಿಡಿದರೆ ಸ್ಟಾಕ್ ಇಲ್ಲ ಅನ್ನುತ್ತಾರೆ. ಮುಂಬಯಿ, ಸೂರತ್ತಿನ ವ್ಯಾಪಾರಿಗಳು ಆನ್‌ಲೈನಿನಲ್ಲಿ ಬಿಡಿಬಿಡಿಯಾಗಿ ಅಳತೆ ಹೇಳಿ ಮಾರುತ್ತಾರೆ, ಅಗ್ಗವೂ ಹೌದು. ಆದರೆ ಕೂರಿಸುವಾಗ ಕಲ್ಲು ಒಡೆದರೆ ಆಚಾರಿ ಅವರ ಮೇಲೆ, ಅವರು ಆಚಾರಿಯ ಮೇಲೆ. ಹಳೇ ಒಡವೆಯ ಕಲ್ಲು ಬಿಡಿಸಿ ಹಾಕಬಹುದು, ಒಂದೇ ಅಳತೆಯ ಇಪ್ಪತ್ತು ಸಿಕ್ಕಿದರೆ ನಿಮ್ಮ ಅದೃಷ್ಟ. ನಾನು ಹಿಡಿದದ್ದು ನಾಲ್ಕನೆಯ ದಾರಿ. ಕಲ್ಲು ಕೂರಿಸುವ ಆಚಾರಿಯ ಮೂಲಕವೇ, ಅವರಿಗೆ ವರ್ಷಗಳಿಂದ ಪೊಟ್ಟಣ ಕೊಡುವ ಮಂಗಳೂರಿನ ವ್ಯಾಪಾರಿಯಿಂದ. ಸ್ವಲ್ಪ ಜಾಸ್ತಿ ಬಿತ್ತು. ಒಡೆದರೆ ಕೇಳಲು ಒಬ್ಬರೇ ಜನ ಅನ್ನುವ ಧೈರ್ಯಕ್ಕೆ ಆ ಜಾಸ್ತಿ ದುಡ್ಡು.

ಚಿನ್ನದ ಬಗ್ಗೆ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. "ಒಂಬೈನೂರ ಹದಿನಾರು ಅಲ್ಲದ್ದು ಎಂಥ ಚಿನ್ನ?" ಅಮ್ಮನ ಪ್ರಶ್ನೆ. ಒಂಬೈನೂರ ಹದಿನಾರು ಅಂದರೆ 22 ಕ್ಯಾರೆಟ್. ಅದು ಮೆತ್ತಗೆ, ಸಣ್ಣ ಕಲ್ಲು ಹಿಡಿಯುವ ಚಿನ್ನದ ಕಾಳುಗಳು ಸವೆದು ಬಾಗುತ್ತವೆ. 18 ಕ್ಯಾರೆಟ್ಟಿನಲ್ಲಿ ಚಿನ್ನ ನೂರಕ್ಕೆ 75, ಉಳಿದದ್ದು ಗಟ್ಟಿ ಮಾಡುವ ಬೇರೆ ಲೋಹ. ಚಿಕ್ಕಮ್ಮನ ದೋಸೆ ಹಿಟ್ಟಿನ ಕಥೆ ನೆನಪಿಸಿದ ಮೇಲೆ ಒಪ್ಪಿದರು. ಹಾಲ್‌ಮಾರ್ಕ್, ಒಡವೆಯ ಗುರುತಿಗೆ ಕೊಡುವ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಎರಡೂ ಚಿನ್ನಕ್ಕೆ ಸಂಬಂಧಪಟ್ಟದ್ದು. ಕಲ್ಲಿನ ಬಗ್ಗೆ ಅವು ಏನೂ ಹೇಳುವುದಿಲ್ಲ. ಉಂಗುರ ಮುಗಿದ ಮೇಲೆ ಐಜಿಐ ತರಹದ ಲ್ಯಾಬಿಗೆ ಕೊಟ್ಟರೆ ಇಡೀ ಒಡವೆಗೆ ಒಂದು ವರದಿ ಕೊಡುತ್ತಾರೆ, ಸಣ್ಣ ಕಲ್ಲುಗಳ ಎಣಿಕೆ, ಒಟ್ಟು ತೂಕ, ಬಣ್ಣದ ಅಂದಾಜು ಅದರಲ್ಲಿರುತ್ತದೆ.

ಬಿಲ್ಲಿನಲ್ಲಿ ಕಲ್ಲಿನ ತೂಕ ಬೇರೆ, ಚಿನ್ನದ ನೆಟ್ ತೂಕ ಬೇರೆ ಇರಲೇಬೇಕು. ಇಪ್ಪತ್ತು ಸೆಂಟ್ಸ್ ಅಂದರೆ 40 ಮಿಲಿಗ್ರಾಂ, ಅಷ್ಟನ್ನು ಚಿನ್ನದ ತೂಕದಿಂದ ಕಳೆದಿದ್ದಾರಾ ನೋಡಿ. ಮಜೂರಿಗೆ ಕಾಸರಗೋಡಿನಲ್ಲಿ ಪಣಿಕೂಲಿ ಅನ್ನುತ್ತಾರೆ, ಮಂಗಳೂರಿಗೆ ಹೋದರೆ ವೇಸ್ಟೇಜ್ ಅಂತಲೂ ಸೇರಿಸುತ್ತಾರೆ, ಹೆಸರು ಏನಾದರೂ ಇರಲಿ. ಕಲ್ಲು ಕೂರಿಸುವ ಕೂಲಿ ಇದರಲ್ಲಿ ಸೇರಿದೆಯಾ, ಕಲ್ಲಿಗೆ ಇಷ್ಟು ಅಂತ ಬೇರೆಯಾ, ಮೊದಲೇ ಕೇಳಿ. ಸಣ್ಣ ಕಲ್ಲಿಗೆ ಕೆಲವು ಸಲ ಕಲ್ಲಿಗಿಂತ ಕೂರಿಸುವ ಕೂಲಿಯೇ ಜಾಸ್ತಿ. ಇನ್ನು ಮುಂದೆ ಮಾರಿದರೆ ಎಷ್ಟು ಬರುತ್ತದೆ ಅನ್ನುವ ಲೆಕ್ಕಕ್ಕೆ ಸಣ್ಣ ಕಲ್ಲನ್ನು ಸೇರಿಸಲೇಬೇಡಿ.

ಕೂರಿಸುವ ದಿನ ಹೋಗಿ ಪಕ್ಕದಲ್ಲಿ ಕೂತಿದ್ದೆ. ಬೇಕಾದ್ದು ಇಪ್ಪತ್ತು, ತರಿಸಿದ್ದು ಇಪ್ಪತ್ಮೂರು. ಆಚಾರಿ ಫ್ಯಾನ್ ಆಫ್ ಮಾಡಿದರು, ನನಗೂ ಜೋರಾಗಿ ಉಸಿರು ಬಿಡಬೇಡಿ ಅಂದರು. ಕಡ್ಡಿಯ ತುದಿಗೆ ಜೇನುಮೇಣ, ಅದರ ತುದಿಗೆ ಕಲ್ಲು ಅಂಟಿಸಿ ಎತ್ತಿ ಗೂಡಿಗೆ ಇಡುವುದು. ಮೇಲಿನಿಂದ ಒಮ್ಮೆ ಒತ್ತಿದರೆ ಟಿಕ್ ಅಂತ ಕೂರುತ್ತಿತ್ತು. ಸುತ್ತಲಿನ ಚಿನ್ನದಲ್ಲಿ ಕಾಳು ಎಬ್ಬಿಸಿ ಕಲ್ಲಿನ ಅಂಚಿಗೆ ತಾಗಿಸುವುದು ಆಮೇಲಿನ ಕೆಲಸ. ಹನ್ನೊಂದನೆಯದ್ದರ ಅಂಚು ಚಕ್ಕೆ ಎದ್ದಿತು. ಅವರು ಏನೂ ಹೇಳದೆ ಅದನ್ನು ಪಕ್ಕಕ್ಕೆ ಇಟ್ಟು ಇನ್ನೊಂದನ್ನು ಎತ್ತಿದರು.

ಎರಡು ಕಲ್ಲು ಉಳಿದವು. ಅಮ್ಮ ಪೊಟ್ಟಣದ ಮೇಲೆ "1.3, ಉಂಗುರದ್ದು" ಅಂತ ಬರೆದು ಕುಂಕುಮದ ಕರಡಿಗೆಯೊಳಗೆ ಹಾಕಿದರು, ಬೆಂಡೋಲೆ ಇದ್ದ ಜಾಗಕ್ಕೇ.